ಬೆಳ್ಳಿ ಗ್ಲೌವ್ – ಏಳನೆಯ ಕಂತು: ಮೂವರಿಗೂ ಜೂನ್ ಒಂದು

"ಸ್ಕ್ರೂ ವಾಪಸ್ ಹಾಕಿದ್ದಾರೆ ಕಣ್ರೀ, ನೋಡಿ," ಎಂದಳು ರುಖ್ಸಾರ್. "ಕದಿಯೋಕೆ ಬಂದೋನು ಯಾವನಾದ್ರೂ ಸ್ಕ್ರೂ ವಾಪಸ್ ಹಾಕಿ ಹೋಗ್ತಾನಾ?"

ನಿರಂಜನ ನೋಡಲಿಲ್ಲ. ನೋಡುವ ವ್ಯವಧಾನ ಅವನಿಗಿರಲಿಲ್ಲ. ಯಲಹಂಕದ ಮೈದಾನದ ಆ ಪುಟ್ಟ ಆಫೀಸಿನಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತ, ಎರಡು ನಿಮಿಷಕ್ಕೊಮ್ಮೆ ಮೊಬೈಲಿನಲ್ಲಿ ಗಂಟೆ ನೋಡುತ್ತಿದ್ದ. ಅವನು ಟೂರ್ನಿಯ ಕಾರ್ಯದರ್ಶಿ. ಅಂತರರಾಷ್ಟ್ರೀಯ ಕಿರಿಯರ ಬೇಸ್‌ಬಾಲ್ ಟೂರ್ನಿ ಹನ್ನೆರಡು ವರ್ಷದ ಮೇಲೆ ಮತ್ತೆ ಬೆಂಗಳೂರಿಗೆ ಬಂದಿತ್ತು. ಫೈನಲ್‌ಗೆ ಒಂದೇ ದಿನ ಉಳಿದಿರುವಾಗ, ಇವತ್ತು ಬೆಳಿಗ್ಗೆ, ಕಪ್ಪಿನ ಪೀಠದಿಂದ ಒಂದು ಬೆಳ್ಳಿ ಪಟ್ಟಿ ಕಾಣೆಯಾಗಿತ್ತು.

ಕಪ್ಪು ಮೇಜಿನ ಮೇಲಿತ್ತು. ಚೆಂಡು ಹಿಡಿದ ಬೆಳ್ಳಿಯ ಕೈಗವಸಿನ ಆಕಾರ. ಅದಕ್ಕೇ ಎಲ್ಲರ ಬಾಯಲ್ಲೂ ಅದು ಬೆಳ್ಳಿ ಗ್ಲೌವ್. ಕೆಳಗೆ ತೇಗದ ದುಂಡು ಪೀಠ, ಅದರ ಸುತ್ತ ಬೆರಳಗಲದ ಬೆಳ್ಳಿ ಪಟ್ಟಿಗಳು. ವರ್ಷಕ್ಕೊಂದು ಪಟ್ಟಿ, ಪಟ್ಟಿಗೊಬ್ಬ ಚಾಂಪಿಯನ್. ತೈವಾನ್ ಆರು ಸಲ, ಜಪಾನ್ ಐದು, ಕೊರಿಯಾ ನಾಲ್ಕು, ಫಿಲಿಪ್ಪೀನ್ಸ್ ಎರಡು. ನಮ್ಮವರ ಹೆಸರಿದ್ದದ್ದು ಒಂದೇ ಒಂದರ ಮೇಲೆ: 2013, ಯಲಹಂಕ. ಈಗ ಆ ಜಾಗದಲ್ಲಿ ಬಿಸಿಲು ಕಾಣದ ಮರದ ತೆಳುಬಣ್ಣ, ಎರಡು ತೂತು, ತೂತಿನಲ್ಲಿ ಜೋಪಾನವಾಗಿ ಕೂತ ಎರಡು ಪುಟ್ಟ ಸ್ಕ್ರೂ.

ಆ ಸಾಲು ರುಖ್ಸಾರ್‌ಗೆ ಬಾಯಿಪಾಠ. ಗೆದ್ದ ವರ್ಷ ಅವಳ ತಮ್ಮ ಸಾಕಿಬ್ ಹಲ್ಲುಜ್ಜುತ್ತ ಮಗ್ಗಿ ಹೇಳಿದ ಹಾಗೆ ಚಾಂಪಿಯನ್ನರ ಹೆಸರು ಹೇಳುತ್ತಿದ್ದ. ಹತ್ತು ತೈವಾನ್, ಹನ್ನೊಂದು ಜಪಾನ್, ಹನ್ನೆರಡು ತೈವಾನ್... ಹದಿಮೂರಕ್ಕೆ ಬಂದಾಗ ಬಾಯಿತುಂಬ ನೊರೆ ಇಟ್ಟುಕೊಂಡೇ "ನಾವು!" ಎಂದು ಕಿರುಚುತ್ತಿದ್ದ. ಆ ತಂಡದಲ್ಲಿ ಚೆಂಡು ಎಸೆಯುತ್ತಿದ್ದವನು ಅವನೇ. ಈಗ ಯಲಹಂಕ ತಂಡದ ಕೋಚ್ ಕೂಡ ಅವನೇ.

"ಸ್ಕ್ರೂ ಕಟ್ಕೊಂಡು ನನಗೇನಾಗ್ಬೇಕು ಮೇಡಂ?" ಎಂದ ನಿರಂಜನ. "ಸ್ಕ್ರೂ ಮೇಲೆ ಎಣ್ಣೆ ಇದೆ. ಆ ಲಂಕಾ ಕೋಚ್ ಬ್ಯಾಗಲ್ಲಿ ಎಣ್ಣೆ ಬಾಟ್ಲು ಇದೆ. ಇನ್ನೇನ್ ಸಾಕ್ಷಿ ಬೇಕು ನಿಮಗೆ?"

"ಅದು ಗ್ಲೌವ್ ಚರ್ಮಕ್ಕೆ ಹಚ್ಚೋ ಎಣ್ಣೆ. ಹಳದಿ, ಮಂದ. ಇದು ನೀರಿನ ಥರ ಇದೆ, ಬಣ್ಣಾನೇ ಇಲ್ಲ."

"ಎಣ್ಣೆ ಎಣ್ಣೆನೇ ಕಣ್ರೀ! ನಾಲ್ಕು ಗಂಟೆವರೆಗೆ ಕಾಯ್ತೀನಿ. ಆಮೇಲೆ ಪೊಲೀಸ್ ಕಂಪ್ಲೇಂಟ್. ಕೋಚ್ ಇಲ್ದೆ ಟೀಮ್ ಆಡೋ ಹಾಗಿಲ್ಲ ಅಂತ ರೂಲ್ ಇದೆ. ಹುಡುಗ್ರನ್ನ ಊರಿಗೆ ಕಳಿಸ್ತೀನಿ."

"ಆಗ ಕಪ್ಪು ಯಾರಿಗೆ?"

ನಿರಂಜನ ಕಿಟಕಿಯ ಹೊರಗೆ ನೋಡಿದ. ನಾಳಿನ ಫೈನಲ್ ಲಂಕಾಗೂ ಯಲಹಂಕಕ್ಕೂ. ಹನ್ನೆರಡು ವರ್ಷದ ಹಿಂದೆಯೂ ಇವೇ ಎರಡು ತಂಡ, ಇದೇ ಮೈದಾನ. ಅವತ್ತು ಗೆದ್ದದ್ದು ಲಂಕಾ. ಎರಡು ದಿನದ ಮೇಲೆ, ಅವರ ಮೂರು ಹುಡುಗರಿಗೆ ಹದಿಮೂರು ತುಂಬಿದೆ, ಟೂರ್ನಿಯ ವಯಸ್ಸು ಮೀರಿದೆ ಎಂದು ಕಾಗದಪತ್ರ ಬಂತು. ಕಪ್ಪು ಕಿತ್ತುಕೊಂಡು ಯಲಹಂಕಕ್ಕೆ ಕೊಟ್ಟರು. ಆ ಮೂವರಲ್ಲಿ ಒಬ್ಬನಾದ ಯೋಗರಾಜನ್ ಈಗ ಲಂಕಾ ತಂಡದ ಕೋಚ್ ಆಗಿ ಬಂದಿದ್ದ. ಸೇಡಿಗೆ ಪಟ್ಟಿ ಕಿತ್ತಿದ್ದಾನೆ ಎಂದು ಹೇಳಲು ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ.

ರುಖ್ಸಾರ್‌ಗೆ ಮಾತ್ರ ಆ ಸ್ಕ್ರೂ ಮನಸ್ಸಿಗೆ ಚುಚ್ಚುತ್ತಿತ್ತು. ಮತ್ತಿಕೆರೆಯಲ್ಲಿ ಜೆರಾಕ್ಸ್ ಅಂಗಡಿಯ ಮೇಲೆ ಆಫೀಸಿಟ್ಟು, ಮದುವೆ ಗಂಡುಗಳ ಸಂಬಳ, ಸಿಗರೇಟು, ಹಳೆಯ ಪ್ರೇಮ ಇವನ್ನೆಲ್ಲ ಪತ್ತೆ ಮಾಡಿಕೊಂಡಿದ್ದ ಪತ್ತೇದಾರಿಣಿ ಅವಳು; ಬೆಳಿಗ್ಗೆ ನಿರಂಜನನೇ ಕರೆಸಿದ್ದ. ಸೇಡು ತೀರಿಸಿಕೊಳ್ಳುವವರ ಕೈ ಹೇಗಿರುತ್ತದೆಂದು ಚೆನ್ನಾಗಿ ಬಲ್ಲವಳು. ಇದು ಅಂಥ ಕೈ ಅಲ್ಲ.

ಕೋಣೆಗೆ ನಿನ್ನೆ ಮಧ್ಯಾಹ್ನದಿಂದ ಬಂದುಹೋದವರ ಹೆಸರನ್ನು ಅವಳು ಬೆಳಿಗ್ಗೆಯೇ ಬರೆದುಕೊಂಡಿದ್ದಳು. ನಿರಂಜನ, ಸಾಕಿಬ್, ಯೋಗರಾಜನ್, ವಾಚ್‌ಮನ್, ಟೈಲರ್. ಗಾಜಿನ ಬೀರುವಿನ ಕೀಲಿ ಅಲ್ಲೇ ಮೊಳೆಗೆ ನೇತಾಡುತ್ತಿದ್ದುದರಿಂದ ಯಾರು ಬೇಕಾದರೂ ತೆಗೆಯಬಹುದಿತ್ತು. ಟೈಲರ್ ಅಂದರೆ ಅವಳ ಅಮ್ಮ ಅಮೀನಾ, ಹುಡುಗರ ಅಂಗಿಗಳಿಗೆ ನಂಬರ್ ಹೊಲಿಯಲು ಬಂದಿದ್ದವರು. ಆ ಹೆಸರಿನ ಮೇಲೆ ರುಖ್ಸಾರ್ ನಗುತ್ತಲೇ ಗೆರೆ ಎಳೆದಿದ್ದಳು.

"2013ರ ಫೈಲ್ ಕೊಡಿ," ಎಂದಳು.

"ಅದ್ಯಾಕೆ ಈಗ?"

"ಹೋಗಿರೋದು ಹದಿಮೂರರ ಪಟ್ಟಿ ಸಾರ್. ಹನ್ನೆರಡರದ್ದಲ್ಲ, ಹದಿನಾಲ್ಕರದ್ದಲ್ಲ."

ಫೈಲಿನಲ್ಲಿ ಮೂರು ಹಾಳೆ. ಲಂಕಾದ ಶಾಲೆಯ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ದಾಖಲೆಗಳು. ಮುದ್ರೆಯ ಜಾಗದಲ್ಲಿ ಶಾಯಿ ಹರಡಿಕೊಂಡಿತ್ತು. ಮೂರು ಹೆಸರು, ಮೂರು ಜನ್ಮದಿನಾಂಕ. ಅವಳು ಎರಡು ಸಲ ಓದಿದಳು, ವಿಶೇಷವೇನೂ ಕಾಣಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೊರಗೆ ಬಂದಳು. ಆಗ ಒಂದು ಗಂಟೆ ಇಪ್ಪತ್ತು ನಿಮಿಷ.

ಯೋಗರಾಜನ್ ಬೆಂಚಿನ ಮೇಲೆ ಮೊಣಕಾಲಿಗೆ ಮೊಣಕೈಯೂರಿ ಕೂತಿದ್ದ. ಅವನ ತಂಡದ ಹುಡುಗರು ದೂರದಲ್ಲಿ ಚೆಂಡು ಎಸೆದಾಡುತ್ತಿದ್ದರು. ಕೋಚ್‌ಗೆ ಏನೋ ಆಗಿದೆ ಎಂದು ಅವರಿಗೂ ಗೊತ್ತಾದಂತಿತ್ತು, ಕೂಗಾಟವೇ ಇರಲಿಲ್ಲ. ಅವನು ತಮಿಳಿನಲ್ಲಿ ಮಾತಾಡಿದ. ಮತ್ತಿಕೆರೆಯಲ್ಲಿ ವ್ಯವಹಾರ ಮಾಡುವವಳಿಗೆ ಅಷ್ಟು ತಮಿಳು ಬರುತ್ತಿತ್ತು.

"ಅಕ್ಕಾ, ನಾನು ಮುಟ್ಟಿಲ್ಲ. ಈ ಮಕ್ಕಳನ್ನ ಆಡಿಸದೆ ವಾಪಸ್ ಕರ್ಕೊಂಡು ಹೋದ್ರೆ ಇವರ ಅಪ್ಪ ಅಮ್ಮಂದಿರಿಗೆ ಏನು ಹೇಳಲಿ? ಅವತ್ತು ನಮ್ಮನ್ನ ಕರ್ಕೊಂಡು ಹೋದ ಕೋಚ್ ಆಮೇಲೆ ಮೈದಾನಕ್ಕೇ ಬರಲಿಲ್ಲ."

"ಅವತ್ತು ನೀನು ನಮ್ಮನೇಲೇ ಇದ್ದೆ ಅಲ್ವಾ?"

"ಎಂಟು ದಿನ. ನಿಮ್ಮನ್ನ ನೋಡಿರಲಿಲ್ಲ, ನೀವು ಮೈಸೂರು ಹಾಸ್ಟೆಲಲ್ಲಿದ್ರಂತೆ." ಅವನ ಮುಖ ಸ್ವಲ್ಪ ಸಡಿಲವಾಯಿತು. ಹೊರದೇಶದ ಮಕ್ಕಳನ್ನು ಊರಿನ ಮನೆಗಳಲ್ಲಿ ಇಬ್ಬಿಬ್ಬರಂತೆ ಇಳಿಸುವುದು ಈ ಟೂರ್ನಿಯ ಮೊದಲಿಂದ ಬಂದ ಪದ್ಧತಿ. "ನನಗೆ ಹನ್ನೆರಡು ತುಂಬಿದ್ದು ನಿಮ್ಮನೇಲೇ. ಅಕ್ಟೋಬರ್ ಹದಿಮೂರು. ಏನೋ ಹಬ್ಬ, ಬಸ್ಸಿಗೆಲ್ಲ ಹೂವು ಕಟ್ಟಿದ್ರು, ಅಂಗಡಿ ಬಾಗಿಲು ಹಾಕಿತ್ತು. ಮೇಣದಬತ್ತಿ ಸಿಗಲಿಲ್ಲ ಅಂತ ಅಮ್ಮ ಕೇಕಿಗೆ ಹನ್ನೆರಡು ಊದುಬತ್ತಿ ಚುಚ್ಚಿದ್ರು. ಕೇಕೆಲ್ಲ ಊದುಬತ್ತಿ ವಾಸನೆ."

ರುಖ್ಸಾರ್ ನಕ್ಕಳು. "ಅದು ಮನೆ ಹುಟ್ಟುಹಬ್ಬ. ಶಾಲೆಯದ್ದು ಯಾವತ್ತು?"

"ಅಂದ್ರೆ?"

"ಶಾಲೇಲಿ ಬರೆಸಿರೋದು."

ಯೋಗರಾಜನ್ ಅವಳ ಮುಖವನ್ನೇ ನೋಡಿದ. "ಅದೂ ಅಕ್ಟೋಬರ್ ಹದಿಮೂರೇ. ಒಬ್ಬರಿಗೆ ಎರಡೆರಡು ಇರ್ತದಾ ಅಕ್ಕಾ?"

ಇರುತ್ತದೆ ಎನ್ನಲು ಬಾಯಿ ತೆರೆದವಳು ಹಾಗೇ ನಿಂತಳು. ಅವಳಿಗೂ ಎರಡಿತ್ತು. ಅಮ್ಮಿ ಹೇಳುವ ಪ್ರಕಾರ ಅವಳು ಹುಟ್ಟಿದ್ದು ಒಂದು ಚಳಿಗಾಲದ ಶುಕ್ರವಾರ; ಆಧಾರ್ ಕಾರ್ಡಿನ ಪ್ರಕಾರ ಜೂನ್ ಒಂದು. ಸಾಕಿಬ್‌ನದ್ದು ಮನೆಯಲ್ಲಿ ಮಾರ್ಚ್, ಕಾರ್ಡಿನಲ್ಲಿ ಜೂನ್ ಒಂದು. ಶಾಲೆಗೆ ಸೇರಿಸುವಾಗ ಹುಟ್ಟಿದ ತಾರೀಖಿನ ಕಾಗದ ಇಲ್ಲದ ಮಕ್ಕಳಿಗೆಲ್ಲ ಹೆಡ್ಮಾಸ್ಟರು ಜೂನ್ ಒಂದು ಬರೆದುಬಿಡುತ್ತಿದ್ದರು. ಶಾಲೆ ಶುರುವಾಗುವ ತಿಂಗಳು, ವಯಸ್ಸಿನ ಲೆಕ್ಕಕ್ಕೆ ಸಲೀಸು. ಅವಳ ಬೀದಿಯಲ್ಲಿ ಅರ್ಧಕ್ಕರ್ಧ ಜನ ಒಂದೇ ದಿನ ಹುಟ್ಟಿದವರು.

ಅವಳು ಮೊಬೈಲ್ ತೆಗೆದು ಫೋಟೋ ನೋಡಿದಳು. 1 ಜೂನ್ 2000. 1 ಜೂನ್ 2000. 1 ಜೂನ್ 2000.

ಎರಡು ಸಲ ಓದಿಯೂ ಕಾಣದ್ದು ಈಗ ಕಂಡಿತ್ತು. ಅವಳಿಗೊಬ್ಬಳಿಗೇ ಅಲ್ಲ, ಹನ್ನೆರಡು ವರ್ಷ ಈ ಫೈಲ್ ನೋಡಿದ ಯಾವ ಬೆಂಗಳೂರಿನವನಿಗೂ ಕಂಡಿರಲಿಲ್ಲ.

"ನಿಮ್ಮೂರಲ್ಲಿ ಶಾಲೆ ಯಾವ ತಿಂಗಳು ಶುರು?"

"ಜನವರಿ."

"ಇಲ್ಲೇ ಕೂತಿರು. ಯಾರೇನ್ ಬರ್ಕೊಟ್ಟು ಸೈನ್ ಹಾಕು ಅಂದ್ರೂ ಹಾಕ್ಬೇಡ," ಎಂದವಳೇ ಸ್ಕೂಟರ್ ಹತ್ತಿದಳು. ಆ ವರ್ಷ ತಂಡಗಳ ಕಾಗದಪತ್ರ ನೋಡಿಕೊಂಡಿದ್ದವರು ಯಾರೆಂದು ಅವಳು ಫೈಲ್ ನೋಡಿ ತಿಳಿಯಬೇಕಾಗಿರಲಿಲ್ಲ. ಅವಳಿಗೂ ಸಾಕಿಬ್‌ಗೂ ಜೂನ್ ಒಂದು ಕೊಟ್ಟ ಹೆಡ್ಮಾಸ್ಟರೇ ಅವರು.

ಎಂ.ಎಸ್. ಪಾಳ್ಯದಲ್ಲಿ ರಸ್ತೆ ಅಗೆದಿದ್ದರು. ಗಂಗಮ್ಮನ ಗುಡಿ ಹತ್ತಿರ ಒಂದು ಲಾರಿ ಅಡ್ಡ ನಿಂತಿತ್ತು. ಜಾಲಹಳ್ಳಿಯ ಸಿಗ್ನಲ್ಲಿನಲ್ಲಿ ಮೂರು ಸಲ ಹಸಿರು ಬಂದರೂ ಅವಳ ಸ್ಕೂಟರ್ ಹತ್ತು ಮಾರು ಮುಂದೆ ಹೋಗಲಿಲ್ಲ. ಬೈದುಕೊಳ್ಳುತ್ತ, ಹಾರನ್ ಒತ್ತುತ್ತ, ಫುಟ್‌ಪಾತ್ ಹತ್ತಿ ಇಳಿದು ಬಾಗಲಗುಂಟೆ ತಲುಪಿದಾಗ ಎರಡೂವರೆ ದಾಟಿತ್ತು.

ಶೇಷಗಿರಿ ಮೇಷ್ಟ್ರು ವರಾಂಡದಲ್ಲಿ ಪೇಪರ್ ಹಿಡಿದು ಕೂತಿದ್ದರು. ಅವಳನ್ನು ಕಂಡು ಪೇಪರ್ ಮಡಿಚಿದರು. ಆಶ್ಚರ್ಯಪಡಲಿಲ್ಲ. ಅದನ್ನು ರುಖ್ಸಾರ್ ಗಮನಿಸಿದಳು.

"ಬಾಮ್ಮ ರುಖ್ಸಾರ್. ಏನ್ ಸಮಾಚಾರ?"

"ಸರ್, ನಾನು ಹುಟ್ಟಿದ್ದು ಯಾವತ್ತು?"

"ಜೂನ್ ಒಂದು."

"ಸಾಕಿಬ್?"

"ಜೂನ್ ಒಂದು." ಮೇಷ್ಟ್ರು ನಗಲು ನೋಡಿದರು. "ನಿಮ್ಮ ಬೀದಿಗೆಲ್ಲ ನಾನೇ ತಾನೇ ಬ್ರಹ್ಮ."

ಅವಳು ಮೊಬೈಲನ್ನು ಅವರ ಮುಂದೆ ಹಿಡಿದಳು. "ಇವರು ಮೂವರು?"

ಮೇಷ್ಟ್ರು ಕನ್ನಡಕ ಹಾಕಿಕೊಂಡರು, ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಅಷ್ಟರಲ್ಲಿ ಅವರ ಹೆಂಡತಿ ಧನಲಕ್ಷ್ಮಮ್ಮ ಕಾಫಿ ತಂದಿಟ್ಟರು.

"ಬಿಸಿಯಾಗಿದ್ದಾಗಲೇ ಕುಡಿಯಮ್ಮ. ಬೆಳಿಗ್ಗೆ ಬಂದೋರೂ ಮುಟ್ಟಲಿಲ್ಲ, ಹಾಗೇ ಆರಿ ಹೋಯ್ತು," ಎಂದರು.

"ಬೆಳಿಗ್ಗೆ ಯಾರು ಬಂದಿದ್ರು?"

ಮೇಷ್ಟ್ರು ಹೆಂಡತಿಯತ್ತ ಒಮ್ಮೆ ನೋಡಿದರು. ಆಕೆ ಒಳಗೆ ಹೋದರು.

"ಲಂಕಾದಲ್ಲಿ ಶಾಲೆ ಶುರುವಾಗೋದು ಜನವರಿಗೆ ಸರ್," ಎಂದಳು ರುಖ್ಸಾರ್. ಗುರುಗಳ ಮುಂದೆ ದನಿ ಏರಿಸಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಆದರೂ ಏರಿತು. "ಅಲ್ಲಿನ ಹೆಡ್ಮಾಸ್ಟರಿಗೆ ಜೂನ್ ಒಂದು ಯಾಕೆ ನೆನಪಾಗುತ್ತೆ? ಈ ಮೂರೂ ಹಾಳೆ ಇಲ್ಲೇ ಹುಟ್ಟಿದ್ದು. ಯೋಗರಾಜನ್‌ಗೆ ಹನ್ನೆರಡು ತುಂಬಿದ್ದು ಆಯುಧಪೂಜೆ ದಿನ, ನಮ್ಮನೇಲಿ. ನೀವು ಅವನಿಗೆ ಹದಿಮೂರು ಮಾಡಿದ್ರಿ."

ಸುಳ್ಳು ಹೇಳುತ್ತಾರೇನೋ ಎಂದು ಅವಳು ಕಾದಳು. ಹೇಳಲಿ ಎಂದೇ ಅವಳ ಮನಸ್ಸು ಒಳಗೊಳಗೆ ಬೇಡುತ್ತಿತ್ತು. ಅಕ್ಷರ ಕಲಿಸಿದವರನ್ನು ಹೀಗೆ ನಿಲ್ಲಿಸಿ ಕೇಳುವುದು ಅವಳಿಗೆ ನಾಚಿಕೆಯ ಕೆಲಸವಾಗಿತ್ತು.

"ಟೈಪ್ ಮಾಡುವಾಗ ಕೈ ತಾನಾಗೇ ಬರೀತು ಕಣಮ್ಮ," ಎಂದರು ಮೇಷ್ಟ್ರು. "ಮೂವತ್ತು ವರ್ಷ ಬರೆದ ಕೈ. ಬೇರೆ ತಾರೀಖು ಹಾಕ್ಬೇಕು ಅಂತ ಹೊಳೀಲೇ ಇಲ್ಲ."

"ಯಾರು ಹೇಳಿದ್ರು ಬರೀರಿ ಅಂತ?"

"ಹೇಳೋದೇನು? ಫೈನಲ್ ಸೋತ ರಾತ್ರಿ ನಿರಂಜನ ಫೋನ್ ಮಾಡಿದ. ಆ ಮೂರು ಹುಡುಗರು ದೊಡ್ಡವರ ಥರ ಕಾಣ್ತಾರೆ, ಒಬ್ಬನಿಗೆ ಮೀಸೆ ಬಂದಿದೆ, ನಾಡಿದ್ದು ಬೆಳಿಗ್ಗೆಯೊಳಗೆ ಪೇಪರ್ ಬೇಕು ಸರ್ ಅಂದ. ಲಂಕಾಗೆ ಬರೆದೆ, ಉತ್ತರ ಬರಲಿಲ್ಲ. ಯಾವ ಪೇಪರ್, ಎಲ್ಲಿಂದ ತರ್ಲಿ ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ."

"ಹನ್ನೆರಡು ವರ್ಷದ ಮಕ್ಕಳು ಸರ್!"

"ಗೊತ್ತು. ಆಗ ನಾನು ಅಂದ್ಕೊಂಡಿದ್ದೇ ಬೇರೆ." ಅವರು ಕನ್ನಡಕ ತೆಗೆದು ಮಡಿಚಿದರು. "ನಾನು ಇಲ್ಲಿ ಎಷ್ಟು ಮಕ್ಕಳ ವಯಸ್ಸು ಒಂದೊಂದು ವರ್ಷ ಇಳಿಸಿದ್ದೀನಿ. ಅವರ ಮೇಷ್ಟ್ರೂ ಇಳಿಸಿರ್ತಾರೆ, ಅದನ್ನ ಸರಿ ಮಾಡ್ತಿದ್ದೀನಿ ಅಂದ್ಕೊಂಡೆ. ನಿಜ ಹೇಳೋರು ಎಲ್ಲಾದ್ರೂ ಇರ್ತಾರೆ ಅಂತ ನನಗೆ ಅನಿಸಲೇ ಇಲ್ಲ."

ರುಖ್ಸಾರ್ ಗಂಟೆ ನೋಡಿದಳು. ಮೂರಕ್ಕೆ ಹತ್ತು ನಿಮಿಷ ಬಾಕಿ. ಮೂರು ಹಾಳೆ ಸುಳ್ಳೆಂದು ಸಾಬೀತಾದರೂ ಪಟ್ಟಿ ಕಿತ್ತವರು ಸಿಗದೆ ಯೋಗರಾಜನ್ ಬಿಡುಗಡೆಯಾಗುವಂತಿರಲಿಲ್ಲ. ಹಾಗೆ ನೋಡಿದರೆ ಸೇಡಿಗೆ ಕಾರಣ ಇನ್ನೂ ಗಟ್ಟಿಯಾಗುತ್ತಿತ್ತು.

"ಬೆಳಿಗ್ಗೆ ಕಾಫಿ ಮುಟ್ಟದೆ ಹೋದೋರು ಪಟ್ಟಿ ಇಲ್ಲೇ ಬಿಟ್ಟುಹೋದ್ರು ಅಲ್ವಾ? ಎಲ್ಲಿದೆ ಸರ್?"

ಮೇಷ್ಟ್ರು ಎದ್ದು ಒಳಗೆ ಹೋದರು. ಹಿಂದಿರುಗಿದಾಗ ಕೈಯಲ್ಲಿ ಕರವಸ್ತ್ರದ ಸಣ್ಣ ಗಂಟು. ಅವಳ ಅಂಗೈ ಮೇಲೆ ಬಿಚ್ಚಿದರು. 2013, ಯಲಹಂಕ.

"ತಿರುಗಿಸು," ಎಂದರು.

ಹಿಂಬದಿಯಲ್ಲಿ ಇನ್ನೊಂದು ಕೆತ್ತನೆ. ಅದೇ 2013. ಕೆಳಗೆ ಶ್ರೀಲಂಕಾ.

"ಫೈನಲ್ ಮುಗಿದ ಮಾರನೇ ದಿನವೇ ಆರ್.ಟಿ. ನಗರದ ಮುಜಫ್ಫರ್ ಗೆದ್ದವರ ಹೆಸರು ಕೆತ್ತಿ ಇಟ್ಟಿದ್ದ. ಆಮೇಲೆ ಹೆಸರು ಬದಲಾಯ್ತು. ಒಳ್ಳೆ ಬೆಳ್ಳಿ, ಯಾಕೆ ದಂಡ ಮಾಡ್ಬೇಕು ಅಂತ ತಿರುಗಿಸಿ ಇನ್ನೊಂದು ಬದಿಗೆ ಕೆತ್ತಿದ. ಮರಕ್ಕೆ ಅಂಟಿದ ಬದಿ ಯಾರಿಗೆ ಕಾಣ್ಸುತ್ತೆ?"

ರುಖ್ಸಾರ್ ಪಟ್ಟಿಯನ್ನು ಬೆಳಕಿಗೆ ಹಿಡಿದಳು. ಸ್ಕ್ರೂ ತೂತಿನ ಸುತ್ತ ಎಣ್ಣೆ. ಮೂಗಿನ ಹತ್ತಿರ ತಂದಳು. ಬಣ್ಣವಿಲ್ಲದ, ತೆಳ್ಳನೆಯ ಆ ಎಣ್ಣೆಯ ವಾಸನೆ ಅವಳು ಹುಟ್ಟಿದ ಮನೆಯ ವಾಸನೆಯಾಗಿತ್ತು. ಹೊಲಿಗೆ ಮಷೀನಿನ ಎಣ್ಣೆ. ಮಷೀನ್ ಬಿಚ್ಚಿದರೆ ಸ್ಕ್ರೂ ಕಳೆದುಹೋಗದಂತೆ ಆಯಾ ತೂತಿಗೇ ವಾಪಸ್ ಹಾಕಿಡಬೇಕು ಎಂದು ಚಿಕ್ಕಂದಿನಲ್ಲಿ ಅವಳ ಬೆರಳಿಗೆ ಹೊಡೆದು ಕಲಿಸಿದ್ದವರು ಅಮ್ಮಿ. ನಗುತ್ತ ಗೆರೆ ಎಳೆದ ಆ ಐದನೆಯ ಹೆಸರು ಕಣ್ಣಮುಂದೆ ಬಂತು. ಬೇರೆಯವರ ತಾಯಿಯಾಗಿದ್ದರೆ ಅವಳು ಮೊದಲು ವಿಚಾರಿಸುತ್ತಿದ್ದುದೇ ಆಕೆಯನ್ನು.

"ಅಮ್ಮಿ ಬಂದಿದ್ರಾ?"

"ಹನ್ನೊಂದು ಗಂಟೆಗೆ, ಆಟೋದಲ್ಲಿ. ಕೂತ್ಕೊಳ್ಳಲೂ ಇಲ್ಲ. ಆ ಹುಡುಗ ನಿನ್ನೆ ಮೈದಾನದಲ್ಲಿ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ್ನಂತೆ. ಊದುಬತ್ತಿ ಕೇಕ್ ನೆನಪಿದೆಯಾ ಅಮ್ಮ ಅಂದನಂತೆ. ಊದುಬತ್ತಿ ಎಣಿಸಿ ಚುಚ್ಚಿದೋಳು ನಾನು ಸಾಬ್, ಹನ್ನೆರಡು ವರ್ಷ ಬಾಯಿ ಮುಚ್ಕೊಂಡಿದ್ದೆ, ನೀವು ಬರೆದಿದ್ದನ್ನ ನೀವೇ ಅಳಿಸಿ ಅಂತ ಇದನ್ನ ಇಟ್ಟು ಹೋದ್ರು." ಮೇಷ್ಟ್ರು ಕಣ್ಣು ಒರೆಸಿಕೊಂಡರು. "ಅವಾಗಿಂದ ಮೈದಾನಕ್ಕೆ ಹೋಗ್ಬೇಕು ಅಂತ ಚಪ್ಪಲಿ ಹಾಕ್ತೀನಿ, ಬಿಡ್ತೀನಿ."

"ಈಗ ಹಾಕ್ಕೊಳ್ಳಿ. ಗಾಡಿ ಹಿಂದೆ ಕೂತ್ಕೊಳ್ಳಿ," ಎಂದಳು ರುಖ್ಸಾರ್. ಎರಡು ಹೆಸರಿನ ಪಟ್ಟಿ, ಬರೆದವರ ಬಾಯಿಂದಲೇ ಸತ್ಯ, ಎರಡೂ ನಾಲ್ಕು ಗಂಟೆಯೊಳಗೆ ನಿರಂಜನನ ಮೇಜಿನ ಮೇಲಿದ್ದರೆ ಆ ಮಕ್ಕಳು ನಾಳೆ ಆಡುತ್ತಾರೆ. ಸಾಕಿಬ್‌ನ "ನಾವು!" ಮಾತ್ರ ಸುಳ್ಳಾಗುತ್ತದೆ. ಪಟ್ಟಿಯನ್ನು ಅಂಗೈಯಲ್ಲೇ ಹಿಡಿದು ಅವಳು ಗೇಟಿನತ್ತ ನಡೆದಳು.

ಮೊಬೈಲ್ ರಿಂಗಾಯಿತು. ನಿರಂಜನ.

"ಮೇಡಂ, ನೀವೇನೂ ತೊಂದ್ರೆ ತಗೋಬೇಡಿ. ಕಳ್ಳ ಸಿಕ್ಕಿದ. ಅವನಾಗೇ ಬಂದು ಒಪ್ಕೊಂಡ."

"ಯಾರು?"

"ಹೇಗೆ ಹೇಳೋದು... ನಿಮ್ಮ ತಮ್ಮ. ಸಾಕಿಬ್."

ಗೇಟಿನ ಚಿಲಕದ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು. "ಪಟ್ಟಿ ಎಲ್ಲಿದೆಯಂತೆ?"

"ಕೆರೆಗೆ ಎಸೆದೆ ಅಂತಾನೆ. ಯಲಹಂಕ ಕೆರೆ. ಇನ್ನೆಲ್ಲಿ ಸಿಗುತ್ತೆ? ಹೊಸದು ಕೆತ್ತಿಸ್ಬೇಕು. ಪೊಲೀಸ್ನೋರು ದಾರೀಲಿದ್ದಾರೆ, ನೀವು ಬೇಗ ಬನ್ರಿ."

ಫೋನ್ ಕಟ್ಟಾಯಿತು. ಕೆರೆಯ ತಳದಲ್ಲಿರಬೇಕಾದ ಪಟ್ಟಿ ಅವಳ ಅಂಗೈಯಲ್ಲೇ ಇತ್ತು.

"ಅಮ್ಮಿಯನ್ನ ಉಳಿಸೋಕೆ ಸುಳ್ಳು ಹೇಳ್ತಿದ್ದಾನೆ," ಎಂದಳು ರುಖ್ಸಾರ್. ಹೇಳಿಕೊಂಡದ್ದು ತನಗೇ. "ಪಾಪ, ಹಿಂಬದಿ ಏನಿದೆ ಅಂತ ಅವನಿಗೆ ಗೊತ್ತಿಲ್ಲ. ಗೊತ್ತಿದ್ರೆ ಲಂಕಾ ಹೆಸರಿರೋ ಸಾಕ್ಷೀನ ಕೆರೆಗೆ ಎಸೆದೆ ಅಂತಿರಲಿಲ್ಲ."

ಮೇಷ್ಟ್ರು ಒಂದು ಚಪ್ಪಲಿ ಹಾಕಿದ್ದರು. ಇನ್ನೊಂದು ಕೈಯಲ್ಲೇ ಉಳಿಯಿತು.

"ಅವನಿಗೆ ಗೊತ್ತು ಕಣಮ್ಮ," ಎಂದರು. "ಹೋದ ಭಾನುವಾರ ಇಲ್ಲಿಗೆ ಬಂದಿದ್ದ. ಮುಜಫ್ಫರ್ ಅಂಗಡೀಲಿ ಏನೋ ಕೇಳಿ ಬಂದಿದ್ದ ಅಂತ ಕಾಣುತ್ತೆ. ಹಿಂಬದಿ ಲಂಕಾ ಹೆಸರು ಇರೋದು ನಿಜಾನಾ ಅಂದ, ನಿಜ ಅಂದೆ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದ."

"ಏನಂತ?"

"ಇದು ಇನ್ಯಾರಿಗಾದ್ರೂ ಗೊತ್ತಾ ಸರ್ ಅಂತ."